ಲಕ್ಕವ್ವನ ಒಂಟಿಕಾಲು

ಕಲ್ಲೋಳಿಯ ಲಕ್ಕವ್ವ ಒಂಟಿಕಾಲಲ್ಲಿ ನಿಂತರೆ ಕೆರೆಯ ಕೊಕ್ಕರೆಗಳು ನಾಚಿ ಎರಡೂ ಕಾಲು ಊರುತ್ತವೆ ಎಂಬುದು ಊರಿನ ಮಾತು. ಒಂದು ಸಂಜೆ ಹಾಗೆ ನಿಂತವಳನ್ನು ಕರೆಂಟ್ ಕಂಬವೆಂದು ತಿಳಿದು ಲೈನ್‌ಮನ್ ಏಣಿ ಒರಗಿಸಿದನಂತೆ. ಈ ಪುರಾಣದ ಕರ್ತೃ ಅವಳ ಕಾಕಾ ಅಪ್ಪಣ್ಣ. ಕೋಲಿಗೆ ಒರಗಿ, ಒಂದು ಕಾಲು ಮಡಚಿ ಕುರಿ ಕಾಯುವುದು ಅವರ ಮನೆಯವರೆಲ್ಲರ ರೂಢಿ. ಲಕ್ಕವ್ವನದು ಮಾತ್ರ ತಪಸ್ಸು ಎಂದು ಅವನ ವಾದ.

ತಪಸ್ಸೇ ಆಗಿದ್ದರೆ, ಬೇಡಿದ ವರ ಒಂದೇ: ಒಬ್ಬಳು ಎದುರಾಳಿ.

ಗೋಕಾಕದ ಹವ್ಯಾಸಿ ಕಿಕ್‌ಬಾಕ್ಸಿಂಗ್ ಪಂದ್ಯಾವಳಿಯ ಮಹಿಳೆಯರ ಹೆವಿವೇಟ್ ವಿಭಾಗದಲ್ಲಿ ಪ್ರತಿವರ್ಷ ಅವಳೊಬ್ಬಳೇ. ರೆಫರಿ ಅವಳ ಕೈ ಎತ್ತುತ್ತಾನೆ, ಕೊರಳಿಗೆ ಚಿನ್ನದ ಪದಕ ಬೀಳುತ್ತದೆ, ಮೈಮೇಲೆ ಒಂದು ಗೀರೂ ಬೀಳುವುದಿಲ್ಲ. ಪದಕವನ್ನು ಗೂಟಕ್ಕೆ ನೇತುಹಾಕಿ, ಬೇವಿನ ಮರಕ್ಕೆ ಕಟ್ಟಿದ ಉಣ್ಣೆಯ ಮೂಟೆಯನ್ನು ಒದೆಯಲು ಹೋಗುತ್ತಾಳೆ. "ನೀನರ ಒಂದ್ಸಲ ತಿರುಗಿ ಒದಿಯೋ," ಎಂದು ಅವಳು ಮೂಟೆಯನ್ನು ಕೇಳಿದ್ದನ್ನು ಅಪ್ಪಣ್ಣ ಕಿವಿಯಾರೆ ಕೇಳಿದ್ದಾನೆ. ಆ ಮಾತೊಂದನ್ನು ಅವನು ಹಿಗ್ಗಿಸಿಲ್ಲ.

ಈ ವರ್ಷ ಹತ್ತರಗಿಯಿಂದ ಸುಜಾತಾ ಬಂದಳು. ತೂಕದ ಯಂತ್ರ ಅಡ್ಡ ಬಂತು. ಹೆವಿವೇಟ್‌ಗೆ ಎಪ್ಪತ್ತು ಕಿಲೋ ದಾಟಬೇಕು. ಅವಳದು ಅರ್ಧ ಕಿಲೋ ಕಡಿಮೆ. ಮತ್ತೊಮ್ಮೆ ತೂಗಲು ಒಂದು ತಾಸು ಕೊಟ್ಟರು. ಲಕ್ಕವ್ವ ತನ್ನ ಬುತ್ತಿಯನ್ನೇ ಬಿಚ್ಚಿದಳು: ರೊಟ್ಟಿ, ಝುಣಕ, ತಂಬಿಗೆ ತುಂಬ ಮಜ್ಜಿಗೆ, ಮೇಲೆ ಅಂಗಡಿಯಿಂದ ತರಿಸಿದ ಕರದಂಟು.

"ಸಾಕ ಬಿಡಕ್ಕಾ! ಒದಿಯಾಕ ಬಂದೇನಿ, ಉಣ್ಣಾಕಲ್ಲ," ಎಂದಳು ಸುಜಾತಾ.

"ಮೊದಲ ಉಣ್ಣ, ಆಮ್ಯಾಲ ಒದಿ. ಮಜ್ಜಿಗಿ ಉಳಸಬ್ಯಾಡ."

ಲಕ್ಕವ್ವನ ತರಬೇತುದಾರ ಶಿವಾನಂದ ತಲೆ ಹಿಡಿದುಕೊಂಡ. "ವೈರಿಗೆ ಮೇವ ಹಾಕಾಕತ್ತೀಯಲ್ಲವಾ!"

"ಹಾಕದಿದ್ರ ಆಕಿ ಮನಿಗಿ ಹೋಗ್ತಾಳ್ರಿ ಸರ."

ಯಂತ್ರ ಎಪ್ಪತ್ತು ದಾಟಿತು. ಸುಜಾತಾ ಮೊದಲ ಸುತ್ತಿನಲ್ಲಿ ತೇಗಿದಳು, ಎರಡನೆಯದರಲ್ಲಿ ಒದ್ದಳು, ಮೂರನೆಯದರಲ್ಲೂ ಒದ್ದಳು. ಲಕ್ಕವ್ವನೂ ಚೆನ್ನಾಗಿಯೇ ಕೊಟ್ಟಳು. ಆದರೆ ಉಣ್ಣೆಯ ಮೂಟೆ ಕಲಿಸದ ವಿದ್ಯೆಯೊಂದಿತ್ತು: ತಪ್ಪಿಸಿಕೊಳ್ಳುವುದು. ಚಿನ್ನ ಹತ್ತರಗಿಯ ಪಾಲಾಯಿತು.

ಬಸ್ ಸ್ಟ್ಯಾಂಡಿನಲ್ಲಿ ಲಕ್ಕವ್ವ, ಸುಜಾತಾ ಕುಳಿತ ಬಸ್ಸಿನ ಕಿಟಕಿಯ ಸರಳು ಹಿಡಿದು ಕೇಳಿದಳು: "ಮುಂದಿನ ವರ್ಷ ಬರ್ತೀ ಇಲ್ಲೋ?"

"ನೀ ಬುತ್ತಿ ತರ್ತೀ ಅಂದ್ರ ಬರ್ತೇನಕ್ಕಾ," ಎಂದು ಸುಜಾತಾ ನಕ್ಕಳು.

ಬಸ್ಸು ತಿರುವಿನಲ್ಲಿ ಮರೆಯಾಯಿತು. ಧೂಳೂ ಅಡಗಿತು. ಲಕ್ಕವ್ವ ಕಂಬಕ್ಕೆ ಒರಗಿ, ಒಂಟಿಕಾಲಲ್ಲಿ, ಇನ್ನೂ ಆ ದಿಕ್ಕನ್ನೇ ನೋಡುತ್ತಿದ್ದಳು. ಪಂದ್ಯ ನೋಡಲು ಜೊತೆಗೆ ಬಂದಿದ್ದ ಅಪ್ಪಣ್ಣ ಹತ್ತಿರ ಬಂದ.

"ಮತ್ತ ತಪಸ್ಸಿಗೆ ನಿಂತಿ ಏನವ್ವಾ?"

"ಇಲ್ಲ ಕಾಕಾ. ಆಕಿ ಒದ್ದ ಕಾಲ ನೆಲಕ್ಕ ಊರಾಕ ಆಗವಲ್ದು."