ಸುದ್ದಿ ತಂದವರೇ ಮಾಳಿಗೆ ಹತ್ತಬೇಕು

ಓಣಿಯ ಕೊನೆಯ ಮನೆಯ ಕಾಜಾಬೀ ಬುಟ್ಟಿಗಟ್ಟಲೆ ಕಲ್ಲು ಮಾಳಿಗೆಗೆ ಏರಿಸುತ್ತಿದ್ದಳು. ನಾನೇ ಕಣ್ಣಾರೆ ನೋಡಿದೆ.

ಎಂಬತ್ತರ ದಶಕ, ಕುಷ್ಟಗಿ. ಮದುವೆಯಾಗಿ ಬಂದು ನನಗೆ ಎರಡು ವರ್ಷ. ಮರುದಿನ ಗಣಪತಿ ಮೆರವಣಿಗೆ ಅದೇ ಮನೆಯ ಮುಂದೆ ಹಾಯಬೇಕು. ಬೇರೆಲ್ಲೋ ಗಲಾಟೆ ಆಗಿದೆಯಂತೆ ಎಂದು ಜನ ಮೊದಲೇ ಹೆದರಿದ್ದರು.

ನನ್ನ ಬಾಯಿಗೆ ಆಗ ಬೀಗವೇ ಇರಲಿಲ್ಲ. ಜೋಳ ಬೀಸಿಸಲು ಗಿರಣಿಗೆ ಹೋದವಳು ಪಾಳಿಯಲ್ಲಿದ್ದವರಿಗೆಲ್ಲ ಹೇಳಿಬಿಟ್ಟೆ... "ಕಲ್ಲು ಕೂಡಿ ಹಾಕಾಕತ್ಯಾರ. ನಾಳೆ ಮೆರವಣಿಗಿ ಮ್ಯಾಲೆ ಒಗ್ಯಾಕ ಇರಬೇಕು."

ಆ ಕೊನೆಯ ಮಾತು ನಾನು ನೋಡಿದ್ದಲ್ಲ, ಸೇರಿಸಿದ್ದು.

ಹಿಟ್ಟು ಹೊತ್ತು ಬರುವಷ್ಟರಲ್ಲಿ ಸುದ್ದಿ ನನಗಿಂತ ಮುಂದೆ ಓಡಿತ್ತು. ಕಟ್ಟೆಯ ಹತ್ತಿರ ಹದಿನೈದು ಗಂಡಸರು, ಕೆಲವರ ಕೈಯಲ್ಲಿ ಬಡಿಗೆ. ಕಾಜಾಬೀ ಮನೆಗೆ ನುಗ್ಗೋಣ ಎನ್ನುತ್ತಿದ್ದರು.

ಅವಳ ಗಂಡ ಬಳೆ ಮಾರಲು ಹನುಮಸಾಗರದ ಸಂತೆಗೆ ಹೋಗಿದ್ದ. ಮನೆಯಲ್ಲಿದ್ದದ್ದು ಅವಳು, ಮೂರು ಸಣ್ಣ ಮಕ್ಕಳು.

ನಮ್ಮ ಓಣಿಗೊಂದು ಶಾಂತಿ ಕಮಿಟಿ ಇತ್ತು. ಗಿರಣಿ ಬಸಣ್ಣ, ಟೇಲರ್ ಇಮಾಮ್‌ಸಾಬರು, ಇನ್ನಿಬ್ಬರು ಹಿರಿಯರು. ಹೆಂಗಸೆಂದರೆ ನಮ್ಮ ಅತ್ತೆ ಒಬ್ಬರೇ. ಬೋರ್ಡಿಲ್ಲ, ಆಫೀಸಿಲ್ಲ, ಇದ್ದದ್ದು ಒಂದೇ ಕಾಯಿದೆ. ಸುದ್ದಿ ತಂದವರೇ ಹೋಗಿ ನೋಡಿ ಬರಬೇಕು, ಹಿಂದೂ, ಮುಸ್ಲಿಂ ಎರಡೂ ಕಡೆಯಿಂದ ಒಬ್ಬೊಬ್ಬರು ಜೊತೆಗಿರಬೇಕು. ಅಲ್ಲಿಯವರೆಗೆ ಯಾರೂ ಕದಲುವಂತಿಲ್ಲ.

ಇಮಾಮ್‌ಸಾಬರು ಕೊರಳಲ್ಲಿ ಟೇಪು ಹಾಕಿಕೊಂಡೇ ಓಡಿ ಬಂದರು. "ಯಾರ್ ನೋಡ್ಯಾರ ಹೇಳ್ರಿ?"

ಗದ್ದಲ ಕೇಳಿ ಬಂದಿದ್ದ ಅತ್ತೆ ನನ್ನ ಮುಖ ನೋಡಿದರು. ಅವರಿಗೆ ಗೊತ್ತಾಗಿಬಿಟ್ಟಿತ್ತು.

"ನಮ್ಮ ಸೊಸಿ ನೋಡ್ಯಾಳ್ರಿ. ನಡಿಯವಾ, ಹೇಳಾಕ ಬಾಯಿ ಇತ್ತಲ್ಲ, ಹತ್ತಾಕ ಕಾಲೂ ಅದಾವ."

ಬಸಣ್ಣ ಗಿರಣಿ ಬಂದ್ ಮಾಡಿ ಬಂದು ಗಂಡಸರ ನಡುವೆ ಕೂತ. "ಆಕಿ ಇಳಿದು ಬರೂಮಟ ಒಬ್ರೂ ಏಳಬ್ಯಾಡ್ರಿ." ಗೊಣಗಿದರು, ಆದರೂ ಕೂತರು.

ನಿಚ್ಚಣಿಕೆ ಹತ್ತುತ್ತಿದ್ದೇನೆ, ಸೀರೆ ಕಾಲಿಗೆ ತೊಡರುತ್ತಿದೆ. ಹಿಂದೆ ಅತ್ತೆ, ಅವರ ಹಿಂದೆ ಇಮಾಮ್‌ಸಾಬರು.

ಮೇಲೆ ಕಲ್ಲಿದ್ದವು, ನಿಜ. ಪಕ್ಕದಲ್ಲೇ ಕಲಸಿದ ಕೆಸರೂ ಇತ್ತು. ಬೀದಿಯ ಬದಿಗೆ ಸಣ್ಣ ಗೋಡೆಯೊಂದು ಅರ್ಧ ಎದ್ದಿತ್ತು.

"ಹ್ವಾದ ವರ್ಷ ನಿಮ್ಮ ನಾದಿನಿ ಮಗಳು ಇಲ್ಲೇ ಜಾರಿ ಬೀಳ್ತಿದ್ಳಲ್ಲಕ್ಕಾ..." ಕಾಜಾಬೀ ಕೈ ಒರೆಸಿಕೊಳ್ಳುತ್ತ ಹೇಳಿದಳು. "ನಾಳೆ ಮತ್ತ ನೀವೆಲ್ಲಾ ಗಣಪ್ಪನ್ನ ನೋಡಾಕ ಬರ್ತೀರಿ. ಅದಕ್ಕ ಕಟ್ಟಾಕತ್ತೀನಿ."

ಹೌದು. ಪ್ರತಿ ವರ್ಷ ಮೆರವಣಿಗೆ ನೋಡಲು ನಾವು ಹೆಂಗಸರು, ಮಕ್ಕಳು ನಿಲ್ಲುತ್ತಿದ್ದದ್ದು ಅದೇ ಮಾಳಿಗೆಯ ಮೇಲೆ.

ನಾಚಿಕೆಯಿಂದ ಅಳು ಬಂತು. ಅತ್ತೆ ಬಿಡಲಿಲ್ಲ. "ಅಳೂದು ಆಮ್ಯಾಲೆ. ಮೊದ್ಲ ಹೇಳು."

ಅಂಚಿಗೆ ನಿಂತು, ಗಿರಣಿಯಲ್ಲಿ ಹೇಳಿದ್ದಕ್ಕಿಂತ ಜೋರಾಗಿ ಕೂಗಿದೆ. "ಒಗ್ಯಾಕ ಅಂದದ್ದು ನಾ ಕೂಡಿಸಿದ ಸುಳ್ಳ್ರಿ! ನಮ್ಮ ಮಕ್ಕಳು ಬೀಳಬಾರ್ದಂತ ಗ್ವಾಡಿ ಕಟ್ಟಾಕತ್ಯಾಳ!"

ಬಡಿಗೆ ಹಿಡಿದವರಲ್ಲಿ ನಾದಿನಿಯ ಗಂಡನೂ ಇದ್ದ. ಅದನ್ನು ಮೂಲೆಗೆ ಒರಗಿಸಿ, ತಲೆ ತಗ್ಗಿಸಿಕೊಂಡು ಕಲ್ಲು ಎತ್ತಿಕೊಡಲು ಬಂದ. ಸಂಜೆಯೊಳಗೆ ಗೋಡೆ ಮುಗಿಯಿತು.

ಮುಂದಿನ ವರ್ಷ ನನ್ನನ್ನೂ ಕಮಿಟಿಗೆ ಸೇರಿಸಿದರು. "ಸುದ್ದಿ ಹಬ್ಬಸಾಕ ಈಕಿಗಿಂತ ಛಲೋ ಯಾರದಾರ್ರಿ" ಎಂದು ಬಸಣ್ಣ ನಕ್ಕಿದ್ದ.

ನಾನು ಕಮಿಟಿಯಲ್ಲಿ ಇದ್ದಷ್ಟು ವರ್ಷ ನಮ್ಮ ಓಣಿಯಲ್ಲಿ ಒಂದು ಕಲ್ಲೂ ಬೀಳಲಿಲ್ಲ. ಹೇಳುವಾಗ ಈಗಲೂ ಎದೆ ಉಬ್ಬುತ್ತದೆ.

ನಿಮ್ಮ ಓಣಿಯ ವಾಟ್ಸಾಪ್ ಗ್ರೂಪಿನಲ್ಲಿ ಸುದ್ದಿ ತಂದವರನ್ನು ಮಾಳಿಗೆ ಹತ್ತಿಸುವ ಅತ್ತೆ ಯಾರಾದರೂ ಇದ್ದಾರಾ?