ಬಾಬಿಕಿರ್ ಕೊನೆಯ ಸಾಲಿಗೆ ಸೇರಿಕೊಂಡ ಶುಕ್ರವಾರ

ಭೂಮಿಯ ದಕ್ಷಿಣಾರ್ಧದಲ್ಲಿ ಪರರ ದುಃಖಕ್ಕೆ ನಮ್ಮಷ್ಟು ಚುರುಕಾಗಿ ಓಗೊಡುವವರು ಇನ್ನೊಬ್ಬರಿಲ್ಲ. ಈ ಮಾತನ್ನು ನಾನು ಮೆಲ್ಬರ್ನಿನ ಯಾವ ಟ್ರಾಮಿನಲ್ಲಿ ಬೇಕಾದರೂ ಎದ್ದು ನಿಂತು ಹೇಳಬಲ್ಲೆ. ನಮ್ಮ ವಿಶ್ವವಿದ್ಯಾಲಯದ ನೆಲಮಾಳಿಗೆಯಲ್ಲಿ, ಸೈಕಲ್ಲು ನಿಲ್ಲಿಸುವ ಜಾಗಕ್ಕೂ ಬಿಸಿನೀರಿನ ಬಾಯ್ಲರಿಗೂ ನಡುವೆ, ಮುಸ್ಲಿಂ ವಿದ್ಯಾರ್ಥಿ ಸಂಘದ ನಮಾಜಿನ ಕೋಣೆಯಿದೆ. ಜಗತ್ತಿನ ಯಾವ ಮೂಲೆಯಲ್ಲಿ ಇರುವೆ ಎಡವಿ ಬಿದ್ದರೂ ಮಧ್ಯಾಹ್ನದೊಳಗೆ ಇಲ್ಲಿ ಅದರ ಹೆಸರಿನಲ್ಲಿ ಭಿತ್ತಿಪತ್ರ ತಯಾರು, ಸಂಜೆಗೆ ಮೆರವಣಿಗೆ, ಆಮೇಲೆ ಬಿರಿಯಾನಿ. ಬಿದ್ದ ಇರುವೆ ಎದ್ದು ಮೈ ಕೊಡವಿಕೊಂಡು ಮನೆಗೆ ಹೋದ ಮೇಲೂ ನಾವು ಘೋಷಣೆ ಕೂಗುತ್ತಿರುತ್ತೇವೆ.

ನಾನು ವಿದ್ಯಾರ್ಥಿಯಲ್ಲ. ಫಿಜಿಯ ಕಬ್ಬಿನ ಗದ್ದೆಗಳ ಕಡೆಯಿಂದ ಬಂದು ಈ ಊರಿನಲ್ಲಿ ಟ್ಯಾಕ್ಸಿ ಓಡಿಸುತ್ತಲೇ ಮುದುಕನಾದವನು. ಕಾರು ನಿಲ್ಲಿಸಲು ಜಾಗ ಸಿಗುವ ನಮಾಜಿನ ಕೋಣೆ ಇದೊಂದೇ ಆದ್ದರಿಂದ ಇಲ್ಲಿಗೆ ಅಂಟಿಕೊಂಡೆ. ಸಂಘದ ಮಕ್ಕಳು ಚಾಚಾ ಅಂತ ಕರೆದು, ಹಳೆಯ ಸೋಫಾವನ್ನು ಎಸೆಯದೆ ಇಟ್ಟುಕೊಂಡ ಹಾಗೆ ಇಟ್ಟುಕೊಂಡಿದ್ದಾರೆ.

ಬಾಬಿಕಿರ್ ಇಲ್ಲಿಗೆ ಬಂದದ್ದು ಸುಡಾನಿನ ಪಶ್ಚಿಮದ ಒಂದು ಮರಳೂರಿನಿಂದ. ಅವನು ನೆಟ್ಟಗೆ ಎದ್ದು ನಿಂತರೆ ಮೇಲಿನ ಮಹಡಿಯ ಗ್ರಂಥಾಲಯದವರು ಕಾಲು ಮೇಲೆತ್ತಿಕೊಳ್ಳಬೇಕು, ಅಷ್ಟು ಎತ್ತರ. ಓದುತ್ತಿದ್ದದ್ದು ಊರುಗಳಿಗೆ ನೀರು ಹಾಯಿಸುವ ವಿದ್ಯೆ. ಅವನ ತಾಯಿ ಹಾಜ್ಜಾ ಬಖೀತಾ ಕತ್ತೆಯ ಬೆನ್ನಿಗೆ ಚರ್ಮದ ಚೀಲ ಕಟ್ಟಿ ನೀರು ಮಾರಿ ಅವನನ್ನು ಓದಿಸಿದ್ದಳಂತೆ. "ಕತ್ತೆಗೆ ನಿವೃತ್ತಿ ಕೊಡಿಸೋಕೆ ಬಂದಿದ್ದೀನಿ ಚಾಚಾ" ಎನ್ನುತ್ತಿದ್ದ. ಹೊಟ್ಟೆಪಾಡಿಗೆ ಫುಟ್ಸ್‌ಕ್ರೇಯ ಮಾಂಸದಂಗಡಿಯೊಂದರಲ್ಲಿ ಕೋಳಿ ಕತ್ತರಿಸುತ್ತಿದ್ದ. ಆಗಾಗ ದೊಡ್ಡ ಪಾತ್ರೆಯ ತುಂಬ ಅವರೂರ ಅವರೆಯಂಥ ಅಗಲ ಕಾಳು ಬೇಯಿಸಿ, ಎಳ್ಳೆಣ್ಣೆ ಸುರಿದು, ಕೋಣೆಯವರಿಗೆಲ್ಲ ಬಡಿಸುತ್ತಿದ್ದ.

ಅವರ ಕಡೆಯ ಕುಶಲಪ್ರಶ್ನೆಯ ವಿಷಯ ಹೇಳಲೇಬೇಕು. ನಾವು "ಹೇಗಿದ್ದೀ" ಅಂದರೆ ಮುಗಿಯಿತು. ಅವರಲ್ಲಿ ಅದು ಪೀಠಿಕೆಯ ಮೊದಲಕ್ಷರ. ಹೇಗಿದ್ದೀ, ಚೆನ್ನಾಗಿದ್ದೀಯಾ, ಮನೆ ಹೇಗಿದೆ, ಮನೆಯವರು ಹೇಗಿದ್ದಾರೆ, ಚಿಕ್ಕಪ್ಪ ಹೇಗಿದ್ದಾರೆ, ನೆರೆಯವರು ಹೇಗಿದ್ದಾರೆ, ಒಂದೊಂದಕ್ಕೂ ದೇವರ ದಯೆ, ದೇವರ ದಯೆ. ನಡುವೆ ಬಿಟ್ಟು ವಿಷಯಕ್ಕೆ ಬರುವುದು ಭಾರೀ ಒರಟುತನ. ಅವನು ತಾಯಿಗೆ ಫೋನು ಮಾಡಿದ ಹೊತ್ತಿನಲ್ಲಿ ನಾನು ಸಿಡ್ನಿಗೆ ಬಾಡಿಗೆ ಹೋಗಿ ವಾಪಸ್ಸು ಬಂದಿದ್ದೇನೆ. ಆಗಿನ್ನೂ ಅವರು ಎದುರು ಮನೆಯ ಅಜ್ಜಿಯವರೆಗೆ ಬಂದಿರುತ್ತಿದ್ದರು.

ಆಮೇಲೆ ಅಲ್ಲಿ ಯುದ್ಧ ಬಂತು. ಅವನ ಊರನ್ನು ಸುತ್ತುಗಟ್ಟಿದರು, ಫೋನು ಸತ್ತಿತು. ಬಾಬಿಕಿರ್ ಪ್ರತಿ ನಮಾಜಿನ ನಂತರ ಫೋನು ಒತ್ತುತ್ತಿದ್ದ. ಅದು ಏನೂ ಹೇಳುತ್ತಿರಲಿಲ್ಲ. ಜೇಬಿಗೆ ಹಾಕಿಕೊಂಡು ಕೋಳಿ ಕತ್ತರಿಸಲು ಹೋಗುತ್ತಿದ್ದ.

ನಮ್ಮ ಸಂಘ ಸುಮ್ಮನಿರುತ್ತದೆಯೇ? ಅಧ್ಯಕ್ಷ ಹಜ್ವಾನ್ ಮಲೇಷ್ಯಾದ ಹುಡುಗ, ವೈದ್ಯಕೀಯ ಓದುವವನು, ಬೆಣ್ಣೆಯಂಥ ಮನಸ್ಸು, ಬಿರುಗಾಳಿಯಂಥ ಅವಸರ. ಕಾರ್ಯದರ್ಶಿ ಸೆನಾದಾ ಬೋಸ್ನಿಯಾದ ಮನೆತನದ ಹುಡುಗಿ. ಇಬ್ಬರೂ ಸೇರಿ ಮೆರವಣಿಗೆ ಮಾಡಿಸಿದರು, ಸಂಸದರಿಗೆ ಮನವಿ ಕೊಟ್ಟರು, ಉಪವಾಸ ಹಿಡಿಸಿದರು. ನನ್ನ ಕೈಗೂ ಒಂದು ಫಲಕ ಕೊಟ್ಟರು. ಅದನ್ನು ತಲೆಕೆಳಗಾಗಿ ಹಿಡಿದು ಅರ್ಧ ಊರು ನಡೆದೆ. ಸುಡಾನಿನಲ್ಲಿ ಒಂದು ಗುಂಡೂ ಅದರಿಂದ ದಾರಿ ತಪ್ಪಲಿಲ್ಲ.

"ನಿಂಗೆ ಏನು ಬೇಕು ಹೇಳಣ್ಣ, ಏನು ಬೇಕಾದ್ರೂ ಮಾಡ್ತೀವಿ" ಎಂದ ಹಜ್ವಾನ್ ಒಂದು ದಿನ.

"ಒಂದು ಫೋನು ಬರಲಿ."

ಅದೊಂದು ಮಾತ್ರ ಸಂಘದ ಕೈಯಲ್ಲಿರಲಿಲ್ಲ.

ಒಂದು ಗುರುವಾರ ಸಿಡ್ನಿಯ ಸುಡಾನಿ ಹಿರಿಯರೊಬ್ಬರು ನಮ್ಮ ವಾಟ್ಸಾಪ್ ಗುಂಪಿಗೆ ಸುದ್ದಿ ಹಾಕಿದರು: ಬಾಬಿಕಿರನ ಬೀದಿಯ ಮೇಲೆ ಶೆಲ್ ಬಿದ್ದಿದೆಯಂತೆ. ಬಾಬಿಕಿರ್ ಆ ಗುಂಪು ಬಿಟ್ಟು ಎಷ್ಟೋ ದಿನವಾಗಿತ್ತು. ಊಟದ ಹೊತ್ತಿಗೆ ಬೀದಿಯೇ ಇಲ್ಲವಂತೆ ಎಂದಾಯಿತು. ಸಂಜೆಗೆ ಮನೆ ಇಲ್ಲವಂತೆ. ಅಂಗಡಿಗಳು ಬಾಗಿಲು ಹಾಕುವ ಹೊತ್ತಿಗೆ ತಾಯಿ ಹಾಜ್ಜಾ ಇಲ್ಲ ಎಂದೇ ಆಯಿತು, ಆ "ಅಂತೆ" ಕೂಡ ಇಲ್ಲ. ಗಾಳಿಪಟವನ್ನು ಚಂದ್ರನವರೆಗೆ ಹಾರಿಸಿದೆನೆಂದು ಮೊಮ್ಮಕ್ಕಳಿಗೆ ಹೇಳಿ ನಂಬಿಸಿದವನು ನಾನು. ನನಗೂ ಒಂದೇ ದಿನದಲ್ಲಿ ಮಾತು ಇಷ್ಟು ಉದ್ದ ಎಳೆದು ಗೊತ್ತಿಲ್ಲ.

ಹಜ್ವಾನ್ ಶುಕ್ರವಾರದ ನಮಾಜಿನ ನಂತರ ಜನಾಜಾ ನಮಾಜು ಎಂದು ತೀರ್ಮಾನಿಸಿದ. ದೇಹ ಎದುರಿಗಿಲ್ಲದೆ, ದೂರದಲ್ಲಿ ಸತ್ತವರಿಗಾಗಿ ಮಾಡುವ ನಮಾಜು ಅವನ ಕಡೆಯವರಲ್ಲಿ ಉಂಟು. ನಮ್ಮ ಫಿಜಿಯವರಲ್ಲಿ ಇಲ್ಲ. ಆದರೆ ಈ ಕೋಣೆಯಲ್ಲಿ ಅದು ಎಷ್ಟು ಸಲ ಆಗಿದೆಯೆಂದರೆ, ಸತ್ತವರೆಲ್ಲ ಎದ್ದು ಬಂದರೆ ಮೆಲ್ಬರ್ನಿನಲ್ಲಿ ನಿಲ್ಲಲು ಜಾಗ ಸಾಲದು.

"ನಮ್ಮಲ್ಲಿ ಮೂಳೆ ಸಿಗೋ ತನಕ ಮಾಡಲ್ಲ" ಎಂದಳು ಸೆನಾದಾ. "ನಮ್ಮಜ್ಜಿ ಇನ್ನೂ ಯುದ್ಧದಲ್ಲಿ ಕಾಣೆಯಾದ ತಾತನಿಗೋಸ್ಕರ ಕಾಯ್ತಿದ್ದಾರೆ."

"ಕಾಯೋದು ಒಳ್ಳೇದಾ ಅಕ್ಕ?" ಎಂದ ಹಜ್ವಾನ್. "ಅವನ ಭಾರ ನಾವೂ ಒಂದಿಷ್ಟು ಹೊರೋಣ. ನೀನೇ ಅವನಿಗೆ ಹೇಳ್ತೀಯಾ?"

ಸೆನಾದಾ ಬಂದು ನನ್ನ ಮುಖ ನೋಡಿದಳು. ನಾನು ಇಮಾಮರ ಮುಖ ನೋಡಿದೆ. ಇಮಾಮರು, ಅಧ್ಯಕ್ಷರೇ ಹೇಳಿರುತ್ತಾರೆ ಎಂದುಕೊಂಡು ಟೋಪಿ ಸರಿಮಾಡಿಕೊಂಡರು. ಸಂಸತ್ತಿನ ಮುಂದೆ ಗಂಟಲು ಹರಿಯುವಂತೆ ಕೂಗಿದ ಅಷ್ಟೂ ಗಂಟಲುಗಳಲ್ಲಿ ಒಂದಕ್ಕೂ ಆ ಒಂದು ವಾಕ್ಯ ಹತ್ತಲಿಲ್ಲ.

ಶುಕ್ರವಾರ ಬಾಬಿಕಿರ್‌ಗೆ ಅಂಗಡಿಯಲ್ಲಿ ತಡವಾಯಿತು. ಅವನು ಓಡಿ ಬಂದಾಗ ಶುಕ್ರವಾರದ ನಮಾಜು ಮುಗಿದು, ನಾವು ಜನಾಜಾಕ್ಕೆ ಸಾಲುಗಟ್ಟಿ ನಿಂತಿದ್ದೆವು. ನಾನು ಕೊನೆಯ ಸಾಲಿನಲ್ಲಿದ್ದೆ. ಪಕ್ಕದಲ್ಲಿ ಕೋಳಿಯ ವಾಸನೆ ಬಂತು, ನೆರಳು ಬಿತ್ತು. ನಮ್ಮಲ್ಲಿ ಜನಾಜಾಕ್ಕೆ ಜನ ನಿಂತಿದ್ದರೆ ಯಾರದೆಂದು ಕೇಳಿ ನಿಲ್ಲುವ ಪದ್ಧತಿಯಿಲ್ಲ. ಮೊದಲು ಸೇರಿಕೊಳ್ಳುವುದು, ಕೇಳುವುದು ಆಮೇಲೆ. ಬಾಬಿಕಿರ್ ಕೈ ಕಟ್ಟಿ ನಿಂತುಬಿಟ್ಟ.

ನಾನು ಏನು ಮಾಡಲಿ? ನಮಾಜಿನ ನಡುವೆ ಮಾತಾಡುವಂತಿಲ್ಲ, ತಿರುಗುವಂತಿಲ್ಲ. ಬಗ್ಗುವುದೂ ಇಲ್ಲದ, ಬರೀ ನಿಂತು ಮಾಡುವ ಪುಟ್ಟ ನಮಾಜು ಅದು. ಅವತ್ತು ಅದು ನನಗೆ ಫಿಜಿಯಿಂದ ಈಜಿಕೊಂಡು ಬಂದಷ್ಟು ಉದ್ದವಾಯಿತು. ಪಕ್ಕದಲ್ಲಿ ಅವನ ತುಟಿ ಪಿಸುಗುಡುತ್ತಿತ್ತು: ನಮ್ಮಲ್ಲಿ ಬದುಕಿರುವವರನ್ನು ಕ್ಷಮಿಸು, ಸತ್ತವರನ್ನು ಕ್ಷಮಿಸು, ಇಲ್ಲಿರುವವರನ್ನು, ಇಲ್ಲಿಲ್ಲದವರನ್ನು. ಕೋಣೆಯಲ್ಲಿ ಅಷ್ಟು ನಿಧಾನವಾಗಿ, ಒಂದೊಂದೇ ಮಾತಾಗಿ ಬೇಡಿಕೊಂಡವನು ಅವನೊಬ್ಬನೇ.

ಸಲಾಂ ಹೇಳಿ ಮುಗಿಸಿದೆವು. ಅವನು ನನ್ನ ಕಡೆ ಬಗ್ಗಿದ.

"ಪಾಪ, ಯಾರು ಹೋಗಿದ್ದು ಚಾಚಾ?"

ಅಷ್ಟರಲ್ಲಿ ಮುಂದಿನ ಸಾಲುಗಳಿಂದ ಒಬ್ಬೊಬ್ಬರೇ ಬಂದು ಅವನ ಕೈ ಹಿಡಿದುಕೊಳ್ಳತೊಡಗಿದರು, ಕೆಲವರು ಅಳುತ್ತಿದ್ದರು. ಎಷ್ಟನೆಯ ಕೈಗೆ ಅವನಿಗೆ ಅರ್ಥವಾಯಿತೋ ನನಗೆ ತಿಳಿಯದು. ಅಷ್ಟೆತ್ತರದ ಮನುಷ್ಯ ನೆಲದ ಮೇಲೆ ಕೂತ.

"ಯಾರು ನೋಡಿದ್ರು?" ಎಂದ.

ಬಾಯ್ಲರು ಗೊರಗೊರ ಅನ್ನುತ್ತಿತ್ತು.

"ಯಾರಾದ್ರೂ ನೋಡಿದ್ರಾ ಅಂತ ಕೇಳ್ದೆ."

"ಅಣ್ಣ... ಸಿಡ್ನಿಯವ್ರು ಹೇಳಿದ್ರು..." ಎಂದ ಹಜ್ವಾನ್.

"ಸಿಡ್ನಿಯಿಂದ ನಮ್ಮನೆ ಕಾಣಿಸುತ್ತಾ?"

ಆಮೇಲೆ ಊಟಗಳು ಬಂದವು. ಸೆನಾದಾಳ ತಾಯಿ ಮಾಂಸ ತುಂಬಿದ ಸುರುಳಿ ರೊಟ್ಟಿ ಕಳಿಸಿದಳು, ಸೋಮಾಲಿ ಹೆಂಗಸರು ಅನ್ನ ಕಳಿಸಿದರು, ನನ್ನ ಹೆಂಡತಿ ಕುರಿಯ ಸಾರು. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದಲ್ಲ. ಅವನು ಯಾವ ಪಾತ್ರೆಯ ಮುಚ್ಚಳವನ್ನೂ ತೆಗೆಯಲಿಲ್ಲ. ತೆಗೆದರೆ ತಾಯಿ ಸತ್ತಳೆಂದು ಒಪ್ಪಿದಂತೆ. ಬೇಡ ಎನ್ನೋಣವೆಂದರೆ ಬದುಕಿದ್ದಾಳೆ ಎನ್ನಲು ಅವನ ಬಳಿ ಏನಿತ್ತು? ಪಾತ್ರೆಗಳು ಅವನ ಬಾಗಿಲ ಹೊರಗೆ ಸಾಲಾಗಿ ಕೂತವು. ನಾನು ದಿನಾ ಹೋಗಿ ಹಳಸಿದ್ದನ್ನು ಚೆಲ್ಲಿ, ಪಾತ್ರೆ ತೊಳೆದು ಅವರವರ ಮನೆಗೆ ಮುಟ್ಟಿಸುತ್ತಿದ್ದೆ. ನನ್ನ ಕೈಲಾದ ಒಗ್ಗಟ್ಟು ಅಷ್ಟೇ.

ಒಂದು ಮಧ್ಯಾಹ್ನ, ಇಳಿಹೊತ್ತಿನ ಅಸರ್ ನಮಾಜಿಗೆ ಜನ ಸೇರುತ್ತಿದ್ದಾಗ, ಅವನ ಫೋನು ಬಡಿದುಕೊಂಡಿತು. ಕಿವಿಗಿಟ್ಟು ಕೇಳುವ ಭಾಗ ಕೆಟ್ಟಿದ್ದರಿಂದ ಸ್ಪೀಕರ್ ಒತ್ತಿದ. ಗರಗರ ಸದ್ದು. ಅದರೊಳಗಿಂದ ಮುದುಕಿಯ ದನಿ. ಅರಬ್ಬಿ ನನಗೆ ಬಾರದು, ಆದರೆ ಆ ಕುಶಲಪ್ರಶ್ನೆಗಳು ಅವನಿಂದ ಕೇಳಿ ಕೇಳಿ ಬಾಯಿಪಾಠ; ಉಳಿದದ್ದನ್ನು ಅವನೇ ಆಮೇಲೆ ಬಿಡಿಸಿ ಹೇಳಿದ.

"ಹೇಗಿದ್ದೀಯ ಕಂದಾ?"

"ದೇವರ ದಯೆ ಅಮ್ಮಾ. ನೀನು ಹೇಗಿದ್ದೀ?"

"ದೇವರ ದಯೆ. ಮೈಗೆ ಹುಷಾರಾ?"

"ದೇವರ ದಯೆ. ಮನೆ ಹೇಗಿದೆ ಅಮ್ಮಾ?"

"ದೇವರ ದಯೆ. ನಿನ್ನ ಗೆಳೆಯರು ಹೇಗಿದ್ದಾರೆ?"

"ಅಮ್ಮಾ, ಎಲ್ಲಿದ್ದೀ ನೀನು? ಊಟ—"

"ಅಯ್ಯೋ, ಮೊದಲು ಗೆಳೆಯರು ಹೇಗಿದ್ದಾರೆ ಹೇಳೋ!"

"...ದೇವರ ದಯೆ."

"ಆ ಟ್ಯಾಕ್ಸಿ ಅಜ್ಜ?"

"ದೇವರ ದ—"

ಫೋನು ಸತ್ತಿತು.

ಕೋಣೆಯವರೆಲ್ಲ ದೇವರ ಹೆಸರು ಕೂಗಿ ಅವನನ್ನು ಅಪ್ಪಿಕೊಳ್ಳಲು ಮುಗಿಬಿದ್ದರು. ನಾನು ಒಂದು ಮೂಲೆ ಹಿಡಿದೆ. ಎಲ್ಲಿದ್ದಾಳೆ, ಏನು ತಿಂದಳು, ಮನೆ ಇದೆಯೇ, ಯಾರ ಫೋನು, ಒಂದೂ ಗೊತ್ತಾಗಲಿಲ್ಲ. ಸಿಕ್ಕಿದ ಅಷ್ಟು ಹೊತ್ತಿನ ಕೊನೆಯ ಚೂರು ನನ್ನ ಆರೋಗ್ಯಕ್ಕೆ ಖರ್ಚಾಗಿತ್ತು. ಬಾಬಿಕಿರ್ ಅದೇ ನಂಬರು ಒತ್ತಿದ, ಮತ್ತೆ ಒತ್ತಿದ. ಅವತ್ತಿನಿಂದ ಆ ನಂಬರು ಉತ್ತರಿಸಿಲ್ಲ.

ಅದಾಗಿ ಎಷ್ಟೋ ಶುಕ್ರವಾರಗಳಾದವು. ಮೊನ್ನೆ ಅವನು ಮತ್ತೆ ಕಾಳಿನ ಪಾತ್ರೆ ಹೊತ್ತು ತಂದ. ಫೋನನ್ನು ಪಾತ್ರೆಯ ಪಕ್ಕದಲ್ಲೇ, ಎಲ್ಲರಿಗೂ ಕಾಣುವಂತೆ, ನೆಟ್ಟಗೆ ಒರಗಿಸಿಟ್ಟು ಬಡಿಸತೊಡಗಿದ. ಹಜ್ವಾನ್ ತಟ್ಟೆ ಹಿಡಿದು ಸಾಲಿನಲ್ಲಿ ಬಂದವನು ಅಲ್ಲೇ ನಿಂತ. ಹುಡುಗ ಇಳಿದುಹೋಗಿದ್ದ.

"ಅಣ್ಣ, ಮೂರು ಊರಿನ ಮೌಲ್ವಿಗಳನ್ನ ಕೇಳ್ದೆ. ಬದುಕಿರೋರಿಗೆ ಜನಾಜಾ ಮಾಡಿಬಿಟ್ರೆ ಅದನ್ನ ವಾಪಸ್ ತಗೊಳ್ಳೋ ದಾರಿ ಯಾರಿಗೂ ಗೊತ್ತಿಲ್ಲ. ನಂಗೆ ನಿದ್ದೆ ಬರ್ತಿಲ್ಲ. ಅಷ್ಟು ಜನ ನಿಂತು ಮಾಡಿದ ಪ್ರಾರ್ಥನೆ, ಅದು ಎಲ್ಲಿ ಹೋಯ್ತು?"

ಬಾಬಿಕಿರ್ ಸೌಟನ್ನು ಪಾತ್ರೆಯ ಅಂಚಿಗೆ ತಟ್ಟಿದ.

"ಅದರಲ್ಲಿ ಸತ್ತವರಿಗಿಂತ ಮೊದಲು ಬದುಕಿರೋರನ್ನ ಕ್ಷಮಿಸು ಅಂತ ಬರುತ್ತೆ. ಅವತ್ತು ನಾನು ಅದನ್ನ ಸರಿಯಾಗೇ ಹೇಳಿದೀನಿ. ಎಲ್ಲೂ ಹೋಗಿಲ್ಲ ಮಾರಾಯ, ನಿಮಗೇ ಬಂದು ಸೇರಿದೆ. ತಟ್ಟೆ ಹಿಡಿ."