ಅಕ್ಕನಿಗೆ ಕೇಳಿಸಿದ ಪಿಟೀಲು

ಬೀದರಿನ ಚಿದ್ರಿಯಲ್ಲಿ ನನ್ನ ಗೆಳೆಯ ಸಲೀಮನ ಮೊಬೈಲ್ ರಿಪೇರಿ ಅಂಗಡಿ ಇದೆ. ಸ್ಪೀಕರ್ ಕೆಟ್ಟ ಫೋನು ಬಂತೆಂದರೆ, ಸರಿ ಮಾಡಿದ ಮೇಲೆ ಪರೀಕ್ಷೆಗೆಂದು ಅವನು ಯಾವಾಗಲೂ ಒಂದೇ ಸಂಗೀತ ಹಾಕುತ್ತಾನೆ. ನನ್ನ ಕಾಲೇಜಿನ ದಿನಗಳ ಒಂದು ಸಸ್ಪೆನ್ಸ್ ಚಿತ್ರದ ಹಿನ್ನೆಲೆ ಸಂಗೀತ ಅದು. ಹಾಡಿಲ್ಲ, ಮಾತಿಲ್ಲ, ರಾಶಿ ರಾಶಿ ಪಿಟೀಲು, ಕೆಳಗೆ ದಪ್ಪ ದನಿಯ ತುತ್ತೂರಿ, ನಡುನಡುವೆ ಎದೆಗೆ ಗುದ್ದುವ ನಗಾರಿ. "ಇದರಾಗ ಸಣ್ಣ ದನಿನೂ ಅದ, ದಪ್ಪ ದನಿನೂ ಅದ. ಸ್ಪೀಕರಿನ ಸುಳ್ಳು ಇದರ ಮುಂದ ನಡೆಯಂಗಿಲ್ಲ" ಎಂಬುದು ಅವನ ವಾದ.

ಮೊನ್ನೆ ಅಲ್ಲಿ ಚಹಾ ಕುಡಿಯುತ್ತ ಕೂತಿದ್ದೆ. ಆ ಸಂಗೀತ ಮೊಳಗಿತು. ನನಗೂ ಮನಸ್ಸಾಗಿ ನನ್ನ ಫೋನಿನಲ್ಲಿ ಅದನ್ನೇ ಹುಡುಕಿ ತೆಗೆದೆ. ಕೆಳಗೆ ಕೇಳುಗರು ಬರೆದ ಟಿಪ್ಪಣಿಗಳ ದೊಡ್ಡ ಸಂತೆ. ಒಬ್ಬನಿಗೆ ಮೈ ಜುಂ ಎಂದಿದೆ. ಇನ್ನೊಬ್ಬನಿಗೆ ಇದು ತಗಡಿನ ಮೇಲೆ ಕಲ್ಲು ಸುರುವಿದ ಗದ್ದಲ. ಒಬ್ಬಾಕೆ ಇದನ್ನು ಹಾಕಿಕೊಂಡೇ ಪರೀಕ್ಷೆಗೆ ಓದುತ್ತಾಳಂತೆ. ಅವರವರಲ್ಲೇ ಬೈದಾಟವೂ ಆಗಿತ್ತು. ಎಲ್ಲದರ ಕೆಳಗೆ ಯಾರೋ ಪುಣ್ಯಾತ್ಮರು ಬರೆದಿದ್ದರು: "ವೇಗ ಕಡಿಮೆ ಮಾಡಿ ಕೇಳಿ. ಇದು ಹೆದರಿಸುವ ಸಂಗೀತವಲ್ಲ, ಅಳುವ ಸಂಗೀತ." ನಾನು ಚಹಾದ ಕಪ್ಪು ಕೆಳಗಿಟ್ಟೆ. ಈ ಮಾತನ್ನು ನಾನು ಬಹಳ ಹಿಂದೆ ಒಮ್ಮೆ ಕೇಳಿದ್ದೆ. ಕೇಳಿ ನಕ್ಕಿದ್ದೆ.

ನನ್ನ ವಿಷಯ ನಿಮಗೆ ಸ್ವಲ್ಪ ಹೇಳಬೇಕು. ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತನಾದವನು. ಅಭಿಪ್ರಾಯ ದಾನ ಮಾಡುವುದರಲ್ಲಿ ಕರ್ಣ. ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸಿದವನಲ್ಲ, ಬರದವರ ಮನೆಗೂ ಹೋಗಿ ಕೊಟ್ಟು ಬಂದವನು. ಈ ಚಟ ಹತ್ತಿದ್ದು ವಿದ್ಯಾರ್ಥಿಯಾಗಿದ್ದಾಗಲೇ. ಆಗ ಸಲೀಮ ಬೀದರಿನಲ್ಲಿ ರೇಡಿಯೊ, ಟೇಪ್‌ರೆಕಾರ್ಡರ್ ರಿಪೇರಿ ಮಾಡುತ್ತಿದ್ದ. ಹೈದರಾಬಾದಿನಿಂದ ಈ ಸಂಗೀತದ ಕ್ಯಾಸೆಟ್ಟು ತಂದವನು ಅವನೇ. ಅಂಗಡಿಯ ಹಿಂದೆ ಕೂತು ನಾವಿಬ್ಬರೂ ಅದನ್ನು ತಿರುಗಾಮುರುಗಾ ಕೇಳುತ್ತಿದ್ದೆವು. ಹಲಬರ್ಗಾದ ಡ್ರಾಯಿಂಗ್ ಮಾಸ್ತರರೊಬ್ಬರು ನಮ್ಮ ಜೊತೆಗಾರರು. ವಯಸ್ಸಿನಲ್ಲಿ ಹಿರಿಯರು, ಜಗಳದಲ್ಲಿ ಸರಿಸಮಾನರು.

ನನ್ನ ಅಕ್ಕನಿಗೆ ಆಗಷ್ಟೇ ಮದುವೆಯಾಗಿತ್ತು. ಕೊಟ್ಟದ್ದು ಔರಾದ ತಾಲೂಕಿನ ಡಾಬಕಾಕ್ಕೆ. ಮನೆಯಲ್ಲೆಲ್ಲ ಮರಾಠಿ. ಆಕೆಗೆ ಮರಾಠಿ ತಿಳಿಯುತ್ತಿತ್ತು, ಆದರೆ ಮನಸ್ಸಿನ ಮಾತು ಅದರಲ್ಲಿ ಬರುತ್ತಿರಲಿಲ್ಲ. ಕರೆಂಟಿನ ಭರವಸೆ ಇಲ್ಲದ ಊರೆಂದು ಭಾವ ಸೆಲ್ ಹಾಕುವ ಟೇಪು ಕೊಡಿಸಿದ್ದರು. ನಾನು ಆಕೆಗೊಂದು ಕ್ಯಾಸೆಟ್ಟು ತುಂಬಿಸಿ ಕಳಿಸಿದೆ. ಒಂದು ಬದಿಗೆ ಭಜನೆ. ಇನ್ನೊಂದು ಬದಿ ಖಾಲಿ ಹೋಗುತ್ತದಲ್ಲ ಎಂದು ಅಲ್ಲಿ ಈ ಸಂಗೀತ ತುಂಬಿಸಿದೆ. ಹೊಸ ಮದುಮಗಳಿಗೆ ಕೊಲೆಯ ಚಿತ್ರದ ಸಂಗೀತ ಉಡುಗೊರೆ ಕೊಟ್ಟ ತಮ್ಮ ಕನ್ನಡ ನಾಡಿನಲ್ಲಿ ಇನ್ನೊಬ್ಬನಿರಲಾರ.

ಆ ವರ್ಷ ಪಂಚಮಿಗೆ ಅಕ್ಕ ತವರಿಗೆ, ಭಾಲ್ಕಿಗೆ ಬಂದಳು. ಸಲೀಮ, ಮಾಸ್ತರರು ಉಂಡಿ ತಿನ್ನಲು ಬಂದಿದ್ದರು. ಪಕ್ಕದ ಮನೆಯ ನಾಲ್ಕು ಮಂದಿಯೂ ಇದ್ದರು. ಕರೆಂಟು ಹೋಗಿತ್ತು; ಹಾಕಿ ಕೇಳುವಂತಿಲ್ಲ, ಆದ್ದರಿಂದ ವಾದಕ್ಕೆ ಅಡ್ಡಿಯೇ ಇರಲಿಲ್ಲ.

"ಆ ಮ್ಯೂಜಿಕ್ಕು ಪಿಚ್ಚರಿಗಿ ನುಂಗಿಬಿಟ್ಟದ ಯಾರ್" ಎಂದ ಸಲೀಮ. "ಹೀರೋ ಏನ್ ಅಂತಾನೋ ಒಂದೂ ಕೇಳಂಗಿಲ್ಲ."

"ಪಿಚ್ಚರ್ ಬಿಟ್ಟು ಬರೇ ಮ್ಯೂಜಿಕ್ ಕೇಳೋದಂದ್ರ ತಾಟಿನಾಗ ಬರೇ ಉಪ್ಪು ಬಡಿಸಿದಂಗರಿ" ಎಂದರು ಮಾಸ್ತರರು.

ನಾನು ಎದ್ದು ನಿಂತೆ. ಪಿಟೀಲುಗಳು ಕತ್ತಿ ಮಸೆಯುವುದನ್ನೂ, ನಗಾರಿಯಲ್ಲಿ ಕೊಲೆಗಾರನ ಹೆಜ್ಜೆ ಕೇಳುವುದನ್ನೂ ಕೈ ಆಡಿಸಿ ವರ್ಣಿಸಿದೆ. ಭಯಕ್ಕೆ ಇದಕ್ಕಿಂತ ದೊಡ್ಡ ಸಂಗೀತವಿಲ್ಲ ಎಂದು ತೀರ್ಪು ಕೊಟ್ಟೆ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕ ಮೆಲ್ಲಗೆ ಅಂದಳು: "ಅದು ಅಂಜಸಂಗಿಲ್ಲೋ ತಮ್ಮಾ. ಅದು ಅಳ್ತದ. ಯಾರೋ ಯಾರದೋ ದಾರಿ ನೋಡ್ಲಕತ್ತಾರ, ಅವರು ಬರಲಕತ್ತಿಲ್ಲ."

ಎಲ್ಲರೂ ನನ್ನನ್ನು ಬಿಟ್ಟು ಆಕೆಯ ಕಡೆ ತಿರುಗಿದರು. ನನಗೆ ಅವಮಾನವಾದಂತಾಯಿತು. "ಅಕ್ಕಾ, ನೀ ಚಹಾ ಇಡು ಹೋಗು. ಇದೇನು ರೊಟ್ಟಿ ಬಡದಂಗ ಅಲ್ಲ" ಎಂದು ನಕ್ಕೆ. ಮಂದಿಯೂ ಘೊಳ್ಳೆಂದು ನಕ್ಕಿತು. ಅಕ್ಕ ಒಳಗೆ ಹೋದಳು. ಚಹಾ ಬಂತು, ಕುಡಿದೆವು.

ಅಂದಿನಿಂದ ಏನು ಕೇಳಿದರೂ ಆಕೆಯದು ಒಂದೇ ಉತ್ತರ: "ನನಗೇನ್ ತಿಳಿತದಪಾ, ಶಾಣ್ಯಾರು ನೀವು." ನನಗೆ ಹೆಣ್ಣು ನೋಡಲು ಕರೆದೊಯ್ದೆ, ಅದೇ ಮಾತು. ಬೀದರಿನಲ್ಲಿ ಮನೆ ಕಟ್ಟಿಸುವಾಗ ನಕ್ಷೆ ಮುಂದೆ ಹಿಡಿದೆ, ಅದೇ ಮಾತು. ಅವ್ವ ತೀರಿಕೊಂಡ ಮೇಲೆ ನನಗೆ ಹಿರಿಯರೆಂದು ಉಳಿದವಳು ಆಕೆಯೊಬ್ಬಳೇ. ಒಂದು ಸಲವಾದರೂ "ಹಿಂಗ್ ಮಾಡಬ್ಯಾಡೋ, ಹುಚ್ಚಾ" ಎಂದು ಬೈಯಲಿ ಎಂದು ಎಷ್ಟು ಆಸೆಪಟ್ಟೆನೋ! ಬೈಯಲಿಲ್ಲ. ಪ್ರೀತಿಗೆ ಕಡಿಮೆ ಇರಲಿಲ್ಲ. ಆಕೆ ಏನು ಎಣಿಸುತ್ತಾಳೆಂಬುದು ಮಾತ್ರ ನನಗೆ ಸಿಗಲೇ ಇಲ್ಲ.

ಮೊನ್ನೆ ಸಲೀಮನ ಅಂಗಡಿಯಲ್ಲಿ ಕೂತು ನಾನು ಫೋನಿನಲ್ಲಿ ವೇಗ ಇಳಿಸಿದೆ. ಕತ್ತಿ ಮಸೆಯುತ್ತಿದ್ದ ಪಿಟೀಲುಗಳು ಉಸಿರೆಳೆದುಕೊಂಡು ಬಿಕ್ಕತೊಡಗಿದವು. ನಗಾರಿ ಎಲ್ಲೋ ದೂರದಲ್ಲಿ ಬಾಗಿಲು ಬಡಿದಂತೆ ಕೇಳಿತು. ಸಲೀಮ ಸ್ಕ್ರೂಡ್ರೈವರ್ ಕೆಳಗಿಟ್ಟ.

"ಅಕ್ಕನ ಟೇಪು ಸೆಲ್ಲಿನ ಮ್ಯಾಲ ನಡೀತಿತ್ತಲ್ಲ?" ಎಂದ. "ಸೆಲ್ ಇಳದ್ರ ಕ್ಯಾಸೆಟ್ ಹಿಂಗೇ ಎಳಿತದ. ಇದಕ್ಕಿಂತ ದನಿ ಇನ್ನಾ ದಪ್ಪ ಆಗ್ತದ. ತೌಬಾ! ಅಕ್ಕ ಬ್ಯಾರೇನೇ ಕೇಳ್ಯಾಳ. ರಿಪೇರಿ ಮಾಡೋ ನನಗ ಅವತ್ತು ಇದು ಹೊಳೀಲೇ ಇಲ್ಲ ನೋಡು."

ಮರುದಿನವೇ ಔರಾದದ ಬಸ್ಸು ಹಿಡಿದೆ. ಡಾಬಕಾ ಮುಟ್ಟಿದಾಗ ಅಕ್ಕ ಅಂಗಳದಲ್ಲಿ ಮೊರ ಹಿಡಿದು ಉದ್ದು ಹಸನು ಮಾಡುತ್ತಿದ್ದಳು. ಮೊದಲು ಫೋನಿನಲ್ಲಿ ಆ ಸಂಗೀತವನ್ನು ಸರಿಯಾದ ವೇಗದಲ್ಲಿ ಕೇಳಿಸಿ "ಹ್ಯಾಂಗ ಅದ?" ಎಂದೆ. "ನನಗೇನ್ ತಿಳಿತದಪಾ" ಎಂದಳು. ವೇಗ ಇಳಿಸಿ ಮತ್ತೆ ಹಾಕಿದೆ. ಮೊರದ ಮೇಲೆ ಕೈ ನಿಂತಿತು. ನಾನು ಅಲ್ಲಿಗೇ ಬಿಡಬೇಕಿತ್ತು. ಆದರೆ ಮಾಸ್ತರಿಕೆ ಬಿಡಬೇಕಲ್ಲ! ಸೆಲ್ಲು ಇಳಿದರೆ ಮೋಟಾರು ಹೇಗೆ ನಿಧಾನವಾಗುತ್ತದೆಂದು ಪಾಠ ಶುರು ಮಾಡಿದೆ. ಪಾಪ, ನಿನಗದು ಗೊತ್ತಿರಲಿಲ್ಲ, ನಿನ್ನ ತಪ್ಪಲ್ಲ ಎಂದೆ.

ಅಕ್ಕ ನಕ್ಕಳು. "ಸೆಲ್ ಇಳದದ್ದು ನನಗ ಗೊತ್ತಿಲ್ಲೇನೋ, ಹುಚ್ಚಾ? ಹೊಸಾ ಸೆಲ್ ಹಾಕಿದ್ರ ಅದು ಬೆನ್ನ ಹತ್ತಿದವರಂಗ ಓಡ್ತಿತ್ತು. ನನಗ ಸೇರ್ತಿದ್ದಿಲ್ಲ. ನಿಮ್ಮ ಭಾವ ಹೊಸಾವು ತಂದ್ರ ಅವು ರಾತ್ರಿ ಹಿಡಿಯೋ ಬ್ಯಾಟರಿಗಿ ಹಾಕ್ತಿದ್ದೆ, ಬ್ಯಾಟರಿಯಾಗಿನ ಹಳೀವು ತೆಗದು ಟೇಪಿಗಿ ಹಾಕ್ತಿದ್ದೆ."

"ಯಾಕಕ್ಕಾ?"

"ಹೊಸಾ ಮನಿ. ಯಾರ ಮುಂದ ಅಳಬೇಕು? ಅದು ಅಳ್ತಿತ್ತು, ನಾ ರೊಟ್ಟಿ ಬಡೀತಿದ್ದೆ." ಉದ್ದಿನಲ್ಲಿದ್ದ ಒಂದು ಹರಳು ಆರಿಸಿ ಎಸೆದಳು. "ತವರಿಗಿ ಕರೀಲಕ್ಕ ನೀ ಬರ್ತಿ ಅಂತ ದಾರಿ ನೋಡ್ತಿದ್ದೆ. ಪಂಚಮಿ ತನಾ ಒಂದ್ ದಿನಾನೂ ಬರ್ಲಿಲ್ಲ. ಅದೇ ಹೇಳಲಕ್ಕ ಹೋಗಿದ್ದೆ ಅವತ್ತು."

ಸಂಗೀತದ ಬಗ್ಗೆ ಅಭಿಪ್ರಾಯ ಹೇಳುತ್ತಿದ್ದಾಳೆಂದು ನಾನು ತಿಳಿದಿದ್ದೆ. ಆಕೆ ತನ್ನ ಕಥೆ ಹೇಳುತ್ತಿದ್ದಳು. "ತಪ್ಪಾಯ್ತಕ್ಕಾ" ಎಂದೆ.

"ಇಲ್ಲಿ ನಾವಿಬ್ಬರೇ ಇದ್ದಾಗ ಅಂದ್ರ ಏನ್ ಬಂತು?" ಎಂದಳು, ಉದ್ದು ಕೇರುತ್ತಲೇ. "ನಕ್ಕಿದ್ದು ಮಂದಿ ಮುಂದ. ಹೇಳೋದಿದ್ರ ಮಂದಿ ಮುಂದ ಹೇಳು."

ಇಷ್ಟು ವರ್ಷಗಳಲ್ಲಿ ಆಕೆ ನನಗೆ ಹೀಗೆ ಮಾಡು ಎಂದು ಹೇಳಿದ್ದು ಇದೊಂದೇ. ಆದರೆ ಅಂದಿನ ಮಂದಿಯನ್ನು ಎಲ್ಲಿಂದ ತರಲಿ? ಮಾಸ್ತರರು ತೀರಿಕೊಂಡಿದ್ದಾರೆ, ಭಾಲ್ಕಿಯ ನೆರೆಹೊರೆ ಚದುರಿದೆ. ಉಳಿದವನು ಸಲೀಮ, ಅವನೊಬ್ಬನನ್ನು ಮಂದಿ ಎಂದರೆ ಅಕ್ಕ ಒಪ್ಪುವುದಿಲ್ಲ. ಅದಕ್ಕೇ ನಿಮ್ಮನ್ನು ಇಷ್ಟು ಹೊತ್ತು ಕೂರಿಸಿಕೊಂಡೆ. ನಿಮ್ಮೆಲ್ಲರ ಮುಂದೆ ಹೇಳುತ್ತಿದ್ದೇನೆ: ಆ ಸಂಗೀತ ಅಳುತ್ತಿತ್ತು. ಅಕ್ಕ ಹೇಳಿದ್ದು ಸರಿ ಇತ್ತು. ನಾನು ನಕ್ಕದ್ದು ತಪ್ಪು.